ಗೂಡ್ಸ್ ರೈಲು ನಡುದಾರಿಯಲ್ಲಿ ಎರಡಾದರೆ ಏನು ಮಾಡುತ್ತಾರೆ?

ವೈಟ್‌ಫೀಲ್ಡ್‌ನಲ್ಲಿ ಕಂಟೇನರ್ ಡಿಪೋ, ದೇವನಗೊಂದಿಯಲ್ಲಿ ಪೆಟ್ರೋಲ್-ಡೀಸೆಲ್ ಟರ್ಮಿನಲ್, ಕೆ.ಆರ್. ಪುರದಲ್ಲಿ ಲೋಕೊ ಶೆಡ್. ಬೆಂಗಳೂರಿನ ಪೂರ್ವದ ಕಡೆ ಓಡಾಡುವವರಿಗೆ ಗೂಡ್ಸ್ ರೈಲು ಹೊಸದಲ್ಲ. ಗೇಟ್ ಬಿದ್ದಾಗ ಡಬ್ಬಿ ಎಣಿಸುತ್ತಾ ನಿಂತವರೇ ನಾವೆಲ್ಲ. ಆ ಡಬ್ಬಿಗಳ ನಡುವಿನ ಕೊಂಡಿ ಓಡುವಾಗಲೇ ಮುರಿದರೆ? ರೈಲ್ವೆಯವರು ಇದನ್ನು ‘ಪಾರ್ಟಿಂಗ್’ ಅನ್ನುತ್ತಾರೆ. ಆಗ ಮುರಿದ ಕೊಂಡಿ ಬದಲಿಸುವುದೇ ದೊಡ್ಡ ಕೆಲಸ ಅಂತ ಹೊರಗಿನವರಿಗೆ ಅನಿಸುತ್ತದೆ. ಸಿಬ್ಬಂದಿಗೆ ಅದು ಕೊನೆಯ ಕೆಲಸ. ಅದಕ್ಕೂ ಮೊದಲು ಮಾಡಬೇಕಾದದ್ದೇ ಜಾಸ್ತಿ.

ಮುರಿಯುವುದು ಯಾವುದು?

ಈಗಿನ ಗೂಡ್ಸ್ ಡಬ್ಬಿಗಳಿಗೆ ಇರುವುದು ಸೆಂಟರ್ ಬಫರ್ ಕಪ್ಲರ್, ಅಂದರೆ ಸಿಬಿಸಿ. ಅದರ ತುದಿಯಲ್ಲಿ ತೆರೆದು ಮುಚ್ಚುವ ಉಕ್ಕಿನ ತುಂಡಿಗೆ ‘ನಕಲ್’ ಎಂದು ಹೆಸರು. ಎರಡು ಕೈಗಳ ಬೆರಳು ಮಡಚಿ ಒಂದಕ್ಕೊಂದು ಸಿಕ್ಕಿಸಿದ ಹಾಗೆ ಎರಡು ನಕಲ್‌ಗಳು ಹಿಡಿದುಕೊಳ್ಳುತ್ತವೆ. ಎಳೆತ ಮಿತಿ ಮೀರಿದರೆ ಮೊದಲು ನಕಲ್ ಮುರಿಯಲಿ, ಹಿಂದಿನ ದೊಡ್ಡ ಭಾಗ ಉಳಿಯಲಿ ಎಂದೇ ಇದನ್ನು ಮಾಡಿರುತ್ತಾರೆ. ನಕಲ್ ಬದಲಿಸಬಹುದು. ಕಪ್ಲರ್ ಬುಡವೇ ಕಿತ್ತು ಬಂದರೆ ಲೈನಿನಲ್ಲಿ ಮಾಡುವಂಥದ್ದು ಹೆಚ್ಚೇನೂ ಇಲ್ಲ.

58 ವ್ಯಾಗನ್‌ಗಳ ಕಲ್ಲಿದ್ದಲು ರೈಲು ಸುಮಾರು 650 ಮೀಟರ್ ಉದ್ದ ಇರುತ್ತದೆ. ಪ್ರತಿ ಕೊಂಡಿಯಲ್ಲೂ ಒಂಚೂರು ಸಡಿಲ ಇರುತ್ತದೆ. ಇಂಜಿನ್ ಗಬಕ್ಕನೆ ಎಳೆದರೆ ಆ ಸಡಿಲವೆಲ್ಲ ಒಂದೊಂದಾಗಿ ಬಿಗಿದು, ಎಲ್ಲೋ ಒಂದು ಕಡೆ ಭಾರೀ ಜರ್ಕ್ ಬೀಳುತ್ತದೆ. ಉಬ್ಬು-ತಗ್ಗಿನ ದಾರಿಯಲ್ಲಿ ಇದು ಇನ್ನೂ ಜಾಸ್ತಿ. ಮುಂದಿನ ಅರ್ಧ ಇಳಿಯುತ್ತಿರುತ್ತದೆ, ಹಿಂದಿನ ಅರ್ಧ ಇನ್ನೂ ಏರುತ್ತಿರುತ್ತದೆ. ಅನುಭವಿ ಲೋಕೊ ಪೈಲಟ್ ಮೊದಲು ಮೆಲ್ಲಗೆ ಎಳೆದು ಸಡಿಲವೆಲ್ಲ ಬಿಗಿದ ಮೇಲಷ್ಟೇ ಪವರ್ ಏರಿಸುವುದು ಇದಕ್ಕೇ.

ಮೊದಲ ಹೆಜ್ಜೆ: ಮುಳ್ಳು ಬಿದ್ದರೆ ಕೆಟ್ಟದ್ದನ್ನೇ ಊಹಿಸು

ರೈಲಿನ ಉದ್ದಕ್ಕೂ ಬ್ರೇಕ್ ಪೈಪ್ ಹೋಗಿರುತ್ತದೆ. ಅದರಲ್ಲಿ ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರ್‌ಗೆ 5 ಕಿಲೋ. ಕೊಂಡಿ ಬಿಟ್ಟಾಗ ಡಬ್ಬಿಗಳ ನಡುವಿನ ರಬ್ಬರ್ ಹೋಸ್ ಕಿತ್ತುಕೊಳ್ಳುತ್ತದೆ, ಗಾಳಿ ಹೊರಗೆ ನುಗ್ಗುತ್ತದೆ, ಎರಡೂ ಭಾಗಗಳಿಗೆ ಬ್ರೇಕ್ ತಾನಾಗಿ ಬೀಳುತ್ತದೆ. ಇಂಜಿನ್ನಿನಲ್ಲಿ ಕಾಣುವುದು ಇಷ್ಟೇ: ಒತ್ತಡದ ಮುಳ್ಳು ಸರ್ರನೆ ಇಳಿಯುತ್ತದೆ, ಗಾಳಿಯ ಹರಿವು ತೋರಿಸುವ ಮುಳ್ಳು ಏರುತ್ತದೆ. ಬರೀ ಹೋಸ್ ಒಡೆದರೂ ಹೀಗೇ ಕಾಣುತ್ತದೆ. ಯಾವುದು ಅಂತ ಕ್ಯಾಬಿನ್‌ನಲ್ಲಿ ಕೂತು ಗೊತ್ತಾಗುವುದಿಲ್ಲ. ಹಾಗಾಗಿ ರೈಲು ಎರಡಾಗಿದೆ ಅಂತಲೇ ಹೊರಡಬೇಕು.

ತಕ್ಷಣ ಪವರ್ ತೆಗೆಯುತ್ತಾರೆ. ಹಳದಿ ಫ್ಲಾಷರ್ ಲೈಟ್ ಹಾಕುತ್ತಾರೆ. ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂದು ಸೀಟಿ ಹೊಡೆಯುತ್ತಾರೆ. ಪಾರ್ಟಿಂಗ್‌ಗೆ ಅದೇ ಸಂಕೇತ. ರೈಲಿನ ಕೊನೆಯ ಡಬ್ಬಿಯಾದ ಬ್ರೇಕ್ ವ್ಯಾನಿನಲ್ಲಿ ಟ್ರೈನ್ ಮ್ಯಾನೇಜರ್ ಇರುತ್ತಾರೆ. 2022ರವರೆಗೆ ಹುದ್ದೆಯ ಹೆಸರು ಗಾರ್ಡ್, ಲೈನಿನಲ್ಲಿ ಈಗಲೂ ಬಹಳ ಜನ ಹಾಗೇ ಕರೆಯುತ್ತಾರೆ. ರೈಲು ಎರಡಾದದ್ದು ಗಾರ್ಡ್ ಕಣ್ಣಿಗೆ ಮೊದಲು ಬಿದ್ದರೆ, ಹಗಲಲ್ಲಿ ಹಸಿರು ಬಾವುಟವನ್ನು, ರಾತ್ರಿ ಬಿಳಿ ದೀಪವನ್ನು ಆದಷ್ಟು ಮೇಲಕ್ಕೂ ಕೆಳಕ್ಕೂ ಆಡಿಸಿ ಇಂಜಿನ್ನಿಗೆ ತಿಳಿಸುತ್ತಾರೆ. ವಾಕಿಟಾಕಿ ಬಂದಿದೆ, ಆದರೂ ಬಾವುಟ ಹೋಗಿಲ್ಲ.

ಇಲ್ಲಿ ಒಂದು ವಿಚಿತ್ರ ನಿಯಮ ಇದೆ. ಹಿಂದಿನ ತುಂಡು ಇನ್ನೂ ಉರುಳುತ್ತಿದ್ದರೆ ಮುಂದಿನ ತುಂಡನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ತನ್ನ ರೈಲೇ ತನಗೆ ಬಂದು ಗುದ್ದುತ್ತದೆ, ಅಲ್ವಾ? ಏರ್ ಬ್ರೇಕ್ ಸರಿಯಾಗಿ ಕೆಲಸ ಮಾಡಿದರೆ ಈ ಪ್ರಶ್ನೆ ಬರುವುದಿಲ್ಲ. ಆದರೆ ನಡುವೆ ಎಲ್ಲೋ ಒಂದು ಆಂಗಲ್ ಕಾಕ್ (ಡಬ್ಬಿಯ ತುದಿಯಲ್ಲಿ ಬ್ರೇಕ್ ಪೈಪಿಗಿರುವ ನಲ್ಲಿ) ಮುಚ್ಚಿಹೋಗಿದ್ದರೆ ಅದರಾಚೆಯ ಡಬ್ಬಿಗಳಿಗೆ ಬ್ರೇಕ್ ತಾನಾಗಿ ಬೀಳುವುದಿಲ್ಲ. ಅದಕ್ಕೇ ಹಳೆಯ ನಿಯಮ ಇನ್ನೂ ಪುಸ್ತಕದಲ್ಲಿದೆ. ಗಾರ್ಡ್ ಕೂಡ ತನ್ನ ಕಡೆಯಿಂದ ಹ್ಯಾಂಡ್ ಬ್ರೇಕ್ ಬಿಗಿದು ಹಿಂದಿನ ತುಂಡನ್ನು ನಿಲ್ಲಿಸಲು ನೋಡಬೇಕು.

ಎರಡನೆಯದು: ಪಕ್ಕದ ಹಳಿ

ರೈಲು ನಿಂತಿತು. ಈಗ ಟಾರ್ಚ್ ಹಿಡಿದು ಕೊಂಡಿ ನೋಡಲು ಓಡಬೇಕು ಅನಿಸುತ್ತದೆ. ಓಡಬಾರದು. ಮುರಿದ ಭಾಗವೋ, ಹಳಿ ತಪ್ಪಿದ ಡಬ್ಬಿಯೋ ಪಕ್ಕದ ಹಳಿಗೆ ಅಡ್ಡ ಬಂದಿದ್ದರೆ, ಆ ಹಳಿಯಲ್ಲಿ ಬರುವ ಪ್ಯಾಸೆಂಜರ್ ರೈಲಿಗೆ ಇದು ಗೊತ್ತಿರುವುದಿಲ್ಲ. ಕೆ.ಆರ್. ಪುರ ಕಡೆ ಲೈನ್ ಎಷ್ಟು ಬಿಡುವಿಲ್ಲದ್ದು ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಮೊದಲು ಹತ್ತಿರದ ಸ್ಟೇಷನ್ ಮಾಸ್ಟರ್‌ಗೆ ಸುದ್ದಿ, ಜೊತೆಗೆ ವಿದ್ಯುತ್ ಕಂಬದ ನಂಬರ್. ಲೈನಿನಲ್ಲಿ ಜಾಗಕ್ಕೆ ಅದೇ ವಿಳಾಸ.

ಅಪಾಯ ಇದೆ ಅನಿಸಿದರೆ ಕೆಂಪು ಬಾವುಟ ಅಥವಾ ಕೆಂಪು ದೀಪ ತೋರಿಸುತ್ತಾ ನಡೆದುಹೋಗಿ ಹಳಿಯ ಮೇಲೆ ಡಿಟೊನೇಟರ್ ಕಟ್ಟಬೇಕು. ಸಿಬ್ಬಂದಿ ಅದನ್ನು ಪಟಾಕಿ ಅನ್ನುತ್ತಾರೆ. ಚಕ್ರ ಹತ್ತಿದರೆ ಢಂ ಎಂದು ಸಿಡಿಯುತ್ತದೆ. ಬ್ರಾಡ್‌ಗೇಜ್‌ನಲ್ಲಿ 600 ಮೀಟರ್ ದೂರಕ್ಕೆ ಒಂದು, 1200 ಮೀಟರ್ ದೂರಕ್ಕೆ ಮೂರು. ಆ ಮೂರರ ನಡುವೆ 10 ಮೀಟರ್ ಅಂತರ. ಮಳೆಯಲ್ಲಿ, ಜಲ್ಲಿಕಲ್ಲಿನ ಮೇಲೆ, ಕತ್ತಲಲ್ಲಿ 1200 ಮೀಟರ್ ನಡೆಯುವುದು ಸುಮ್ನೆ ಮಾತಲ್ಲ.

ಮೂರನೆಯದು: ಗಾಳಿಯನ್ನು ನಂಬಬೇಡಿ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಿಂತ ಡಬ್ಬಿಯನ್ನು ಹಿಡಿದಿರುವುದು ಪೈಪಿನ ಗಾಳಿಯಲ್ಲ, ಅದರ ಬ್ರೇಕ್ ಸಿಲಿಂಡರ್‌ನಲ್ಲಿ ಸೇರಿದ ಗಾಳಿ. ಅದು ಹೊತ್ತು ಹೋದಂತೆ ಸೋರುತ್ತದೆ. ಬೆಂಗಳೂರು ಎತ್ತರದಲ್ಲಿದೆ, ಜೋಲಾರಪೇಟೆ ಕಡೆಗೆ ದಾರಿ ಇಳಿಯುತ್ತಾ ಹೋಗುತ್ತದೆ. ಅತ್ತ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಂತೂ 50 ಮೀಟರ್‌ಗೆ ಒಂದು ಮೀಟರ್ ಇಳಿಜಾರು. ಹಾಗಾಗಿ ವ್ಯಾಗನ್ ಪಕ್ಕದ ಚಕ್ರ ತಿರುಗಿಸಿ ಹ್ಯಾಂಡ್ ಬ್ರೇಕ್ ಬಿಗಿಯಬೇಕು, ಗಾಲಿಗೆ ಮರದ ಬೆಣೆ ಕೊಡಬೇಕು. ಬಿಗಿದರೆ ಸಾಲದು, ಬ್ರೇಕ್ ಬ್ಲಾಕ್ ಗಾಲಿಗೆ ಕಚ್ಚಿದೆಯಾ ಅಂತ ಬಗ್ಗಿ ನೋಡಬೇಕು.

2024ರ ಫೆಬ್ರವರಿ 25ರಂದು ಜಮ್ಮು-ಕಾಶ್ಮೀರದ ಕಠುವಾದಲ್ಲಿ ನಿಲ್ಲಿಸಿದ್ದ ಗೂಡ್ಸ್ ರೈಲು ಚಾಲಕರಿಲ್ಲದೆ ಉರುಳಿ, 70 ಕಿಲೋಮೀಟರ್‌ಗೂ ಜಾಸ್ತಿ ಓಡಿ, ಪಂಜಾಬಿನ ಉಂಚಿ ಬಸ್ಸಿ ಹತ್ತಿರ ನಿಂತಿತು. ಅದು ಪಾರ್ಟಿಂಗ್ ಅಲ್ಲ. ಆದರೆ ಹಿಡಿತವಿಲ್ಲದ ಡಬ್ಬಿ ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ಕೊನೆಗೆ ಕೊಂಡಿ

ಕೊಂಡಿ ಬರೀ ಬಿಚ್ಚಿಕೊಂಡಿದ್ದರೆ ಮತ್ತೆ ಸೇರಿಸಬಹುದು. ನಕಲ್ ಮುರಿದಿದ್ದರೆ ಬೇರೆ ಬೇಕು. ಬಿಡಿ ನಕಲ್ ಸಿಗದಿದ್ದರೆ ಇಂಜಿನ್ನಿನ ಮುಂದಿನ ಕಪ್ಲರ್‌ನಿಂದ ಬಿಚ್ಚಿ ತರುವುದುಂಟು, ಅಲ್ಲಿ ಸದ್ಯಕ್ಕೆ ಅದರ ಕೆಲಸವಿಲ್ಲವಲ್ಲ. ತೂಕ 30 ಕಿಲೋಗೂ ಮೇಲೆ. ಪಿನ್ ಎಳೆದು, ಹಳೆಯದನ್ನು ಇಳಿಸಿ, ಹೊಸದನ್ನು ಕೂರಿಸಿ, ಮತ್ತೆ ಪಿನ್ ಹಾಕಬೇಕು. ಕಾಲ್ಬೆರಳು ಜೋಪಾನ.

ಮುಂದಿನ ಭಾಗದ ಕೊನೆಯ ಆಂಗಲ್ ಕಾಕ್ ಮುಚ್ಚಿ ಗಾಳಿ ತುಂಬಿಸುತ್ತಾರೆ. ಕೈಸನ್ನೆ ನೋಡಿಕೊಂಡು ನಡೆಯುವಷ್ಟು ನಿಧಾನಕ್ಕೆ ಹಿಂದೆ ತರುತ್ತಾರೆ. ಚಲಿಸುವಾಗ ಎರಡು ಡಬ್ಬಿಗಳ ನಡುವೆ ಯಾರೂ ನಿಲ್ಲುವಂತಿಲ್ಲ. ಕಚ್ಚಿಕೊಂಡ ಮೇಲೆ ಇಂಜಿನ್ ಒಮ್ಮೆ ಎಳೆದು ನೋಡುತ್ತದೆ. ಹೋಸ್ ಜೋಡಿಸಿ, ಕಾಕ್ ತೆರೆದು, ಕೊನೆಯ ವ್ಯಾನಿನವರೆಗೆ ಗಾಳಿ ಮುಟ್ಟಿದೆಯಾ ಎಂದು ಪರೀಕ್ಷೆ. ಬಿಗಿದ ಹ್ಯಾಂಡ್ ಬ್ರೇಕ್ ಬಿಚ್ಚುವುದು ಇದೆಲ್ಲ ಆದ ಮೇಲೆ.

ಸರಿಯಾಗದಿದ್ದರೆ ರೈಲನ್ನು ಎರಡು ಕಂತಿನಲ್ಲಿ ಒಯ್ಯಬೇಕು. ಗಾರ್ಡ್ ಟಿ/609 ಎಂಬ ಫಾರಂ ಬರೆದುಕೊಟ್ಟರಷ್ಟೇ ಮುಂದಿನ ಭಾಗ ಹೊರಡಬಹುದು. ಅದರ ಕೊನೆಯ ಡಬ್ಬಿಗೆ ‘ಎಲ್‌ವಿ’ (ಲಾಸ್ಟ್ ವೆಹಿಕಲ್, ಅಂದರೆ ಕೊನೆಯ ಡಬ್ಬಿ) ಬೋರ್ಡ್ ಹಾಕುವುದಿಲ್ಲ. ಬೋರ್ಡ್ ಇಲ್ಲದ ರೈಲು ಕಂಡ ಸ್ಟೇಷನ್ ಮಾಸ್ಟರ್‌ಗೆ ಉಳಿದದ್ದು ಇನ್ನೂ ಹಳಿಯ ಮೇಲಿದೆ ಎಂದು ಗೊತ್ತಾಗುತ್ತದೆ. ಲೈನ್ ಖಾಲಿ ಎಂದು ಅವರು ಹೇಳುವಂತಿಲ್ಲ. ಇನ್ನು ಸಹಾಯಕ್ಕೆ ಬೇರೆ ಇಂಜಿನ್ ಕೇಳಿದ್ದರೆ, ಅಷ್ಟರಲ್ಲಿ ರಿಪೇರಿ ಆದರೂ ರೈಲನ್ನು ಅಲುಗಿಸಬಾರದು. ಆ ಇಂಜಿನ್ ಇದೇ ಹಳಿಯಲ್ಲಿ ಬರುತ್ತಿರಬಹುದು.

ಗೇಟಿನಲ್ಲಿ ಕಾಯುವವರಿಗೂ ಒಂದು ಮಾತು. ನಿಂತ ಗೂಡ್ಸ್ ರೈಲಿನ ಕೆಳಗೆ ನುಸುಳಬೇಡಿ, ತುಂಡುಗಳ ನಡುವೆ ದಾರಿ ಸಿಕ್ಕಿತು ಎಂದು ದಾಟಬೇಡಿ. ವ್ಯಾಗನ್ ಹತ್ತಲೇಬೇಡಿ, ಮೇಲೆ 25,000 ವೋಲ್ಟ್ ತಂತಿ ಇದೆ. ಏನಾದರೂ ಕಂಡರೆ ಗೇಟ್‌ಮನ್‌ಗೆ ಹೇಳಿ, ಅಥವಾ 139ಕ್ಕೆ ಫೋನ್ ಮಾಡಿ.

ಮುರಿದ ನಕಲ್ ತುಂಡುಗಳನ್ನು ಪೊದೆಗೆ ಎಸೆಯುವಂತಿಲ್ಲ. ಅವನ್ನು ಡಬ್ಬಿಗಳನ್ನು ನೋಡಿಕೊಳ್ಳುವ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದವರಿಗೆ ಒಪ್ಪಿಸಬೇಕು. ಮುರಿದ ಜಾಗದಲ್ಲಿ ತುಕ್ಕು ಇದ್ದರೆ ಬಿರುಕು ಹಳೆಯದು. ಪೂರ್ತಿ ಹೊಳೆಯುತ್ತಿದ್ದರೆ ಜರ್ಕ್ ಯಾಕೆ ಬಿತ್ತು ಎಂಬ ಪ್ರಶ್ನೆ ಲೋಕೊ ಪೈಲಟ್ ಕಡೆಗೆ ತಿರುಗುತ್ತದೆ.