ಪಾಚಿಗೆ ಜೊತೆ ಬೇಕು: ನನ್ನ ಅನುಭವ

ನಮ್ಮ ಕಾಲೇಜಿನ ಲ್ಯಾಬಿನ ಕಿಟಕಿ ಕಟ್ಟೆ ಮೇಲೆ ಎರಡು ಫ್ಲಾಸ್ಕ್ ಇದ್ದವು. ಎರಡರಲ್ಲೂ ಧಾರವಾಡದ ಕೆಳಗೇರಿ ಕೆರೆಯಿಂದ ತಂದ ಒಂದೇ ಪಾಚಿ, ಕ್ಲೋರೆಲ್ಲಾ. ಒಂದನ್ನು ಎರಡು ತಿಂಗಳು ಕೂತು ಶುದ್ಧ ಮಾಡಿದ್ದೆ. ಆಂಟಿಬಯೋಟಿಕ್ ಹಾಕಿ, ಪೋಷಕ ಜೆಲ್ಲಿಯ ಪ್ಲೇಟಿನ ಮೇಲೆ ಪಾಚಿಯನ್ನು ಮತ್ತೆ ಮತ್ತೆ ಗೆರೆ ಎಳೆದ ಹಾಗೆ ಹರಡಿ, ಒಂದೇ ಒಂದು ಬ್ಯಾಕ್ಟೀರಿಯಾ ಕೂಡ ಉಳಿಯದ ಹಾಗೆ ನೋಡಿಕೊಂಡಿದ್ದೆ. ಇನ್ನೊಂದು ಕೆರೆಯಿಂದ ಬಂದ ಹಾಗೇ ಬಿಟ್ಟಿದ್ದು. ಒಂದು ಬೆಳಿಗ್ಗೆ ಕಸ ಗುಡಿಸುತ್ತಿದ್ದ ಅಟೆಂಡರ್ ಕಾಕಾ ಆ ಎರಡನೇದನ್ನು ತೋರಿಸಿ ಕೇಳಿದರು: "ಮೇಡಂ, ಇದು ಭಾಳ ಹಸರ ಆಗೇತ್ರಿ. ಇದಕ್ಕೇನ್ ಹಾಕೀರಿ?"

"ಏನೂ ಹಾಕಿಲ್ರಿ ಕಾಕಾ" ಅಂದೆ. ಆಮೇಲೆ ಎರಡನ್ನೂ ಬೆಳಕಿಗೆ ಹಿಡಿದು ನೋಡಿದೆ. ಶುದ್ಧ ಮಾಡಿದ್ದು ಎಳನೀರಿಗೆ ಸ್ವಲ್ಪ ಹಸಿರು ಬೆರೆಸಿದ ಹಾಗಿತ್ತು. ಹಾಗೇ ಬಿಟ್ಟಿದ್ದು ಪಾಲಕ್ ರಸದ ಹಾಗೆ ದಟ್ಟವಾಗಿತ್ತು. ಪಾಚಿಯಿಂದ ಡೀಸೆಲ್ ತೆಗೆಯುವ ನನ್ನ ಕೆಲಸದ ದಿಕ್ಕು ಬದಲಾಗಿದ್ದು ಅವತ್ತೇ.

ಪಾಚಿಯಿಂದ ಡೀಸೆಲ್ ಅಂದರೆ ತುಂಬಾ ಜನ ಹುಬ್ಬೇರಿಸುತ್ತಾರೆ. ನಮ್ಮಲ್ಲಿ ಹೊಂಗೆ ಎಣ್ಣೆಯ ಪರಿಚಯ ಎಲ್ಲರಿಗೂ ಇದೆ. ಪಾಚಿಯೂ ಎಣ್ಣೆ ಕೂಡಿಡುತ್ತದೆ, ಕೋಶದ ಒಳಗೆ ಸಣ್ಣ ಸಣ್ಣ ಹನಿಗಳಾಗಿ. ಮೆಥನಾಲ್ ಮತ್ತು ಕ್ಷಾರ ಸೇರಿಸಿ ಹೊಂಗೆ ಎಣ್ಣೆಯನ್ನು ಬಯೋಡೀಸೆಲ್ ಮಾಡುವ ಹಾಗೆ ಇದನ್ನೂ ಮಾಡಬಹುದು. ಕಷ್ಟ ಇರುವುದು ಬೆಳೆಸುವುದರಲ್ಲಿ. ಚೆನ್ನಾಗಿ ಹಸಿರಾದ ಒಂದು ಲೀಟರ್ ನೀರನ್ನು ಸೋಸಿ ಒಣಗಿಸಿದರೆ ಸಿಗುವುದು ಅರ್ಧ ಗ್ರಾಮೋ ಒಂದು ಗ್ರಾಮೋ. ಅಂದರೆ ಒಂದು ಕಿಲೋ ಪಾಚಿಗೆ ಸಾವಿರ, ಎರಡು ಸಾವಿರ ಲೀಟರ್ ನೀರು ಸೋಸಬೇಕು. ಅದೇ ನೀರಿನಲ್ಲಿ ಬೆಳೆ ಸ್ವಲ್ಪ ದಟ್ಟವಾದರೂ ಎಷ್ಟು ಖರ್ಚು ಉಳಿಯುತ್ತದೆ, ಅಲ್ವಾ? ಹಾಗಾಗಿ ಕಾಕಾ ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಪಾಚಿ ಒಂಟಿ ಜೀವಿ ಅಲ್ಲ. 2005ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು 326 ಬಗೆಯ ಪಾಚಿಗಳ ಮಾಹಿತಿ ಕಲೆಹಾಕಿದಾಗ, ಅವುಗಳಲ್ಲಿ 171ಕ್ಕೆ ಹೊರಗಿನಿಂದ ವಿಟಮಿನ್ ಬಿ12 ಬೇಕೇ ಬೇಕು ಅಂತ ಕಂಡುಬಂತು. ಪಾಚಿಗೆ ಬಿ12 ಮಾಡಲು ಬರುವುದಿಲ್ಲ, ಬ್ಯಾಕ್ಟೀರಿಯಾಗೆ ಬರುತ್ತದೆ. ಪಾಚಿ ಬಿಸಿಲಿನಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದಿಷ್ಟನ್ನು ಹೊರಗೆ ಬಿಡುತ್ತದೆ, ಬ್ಯಾಕ್ಟೀರಿಯಾ ಅದನ್ನು ತಿಂದು ಬದುಕುತ್ತದೆ. ನನ್ನ ಕ್ಲೋರೆಲ್ಲಾಗೆ ಹೊರಗಿನ ಬಿ12 ಬೇಕಿರಲಿಲ್ಲ. ಪಾಚಿ ಬೆಳೆಸಲು ನಾನು ಬಳಸುವ ಬಿಜಿ-11 ಅನ್ನುವ ಪೋಷಕ ದ್ರಾವಣದಲ್ಲಿ ವಿಟಮಿನ್ನೇ ಇಲ್ಲ, ಆದರೂ ಶುದ್ಧ ಮಾಡಿದ ಪಾಚಿ ಬೆಳೆಯುತ್ತಿತ್ತು. ಹಾಗಾದರೆ ಅದಕ್ಕೆ ಜೊತೆಯಿಂದ ಸಿಗುತ್ತಿದ್ದದ್ದು ಬೇರೇನೋ ಇರಬೇಕು.

ಹುಡುಕಿದಾಗ ಮೆಕ್ಸಿಕೋದ ಲಾ ಪಾಜ್ ಊರಿನ ಸಂಶೋಧಕರ ಕೆಲಸ ಸಿಕ್ಕಿತು. ಅವರು 2000ದಲ್ಲೇ ಕ್ಲೋರೆಲ್ಲಾ ಜೊತೆ ಅಜೋಸ್ಪಿರಿಲಮ್ ಅನ್ನುವ ಬ್ಯಾಕ್ಟೀರಿಯಾ ಸೇರಿಸಿ ಬೆಳೆಸಿ, ಬೆಳವಣಿಗೆ ಜಾಸ್ತಿ ಆಗುವುದನ್ನು ತೋರಿಸಿದ್ದರು. ಓದಿ ನನಗೆ ಖುಷಿಯಾಯಿತು. ಯಾಕಂದರೆ ಅಜೋಸ್ಪಿರಿಲಮ್ ನಮ್ಮ ರೈತರಿಗೆ ಹೊಸದಲ್ಲ. ಜೋಳ, ಮೆಕ್ಕೆಜೋಳದ ಬೀಜಕ್ಕೆ ಬೆಲ್ಲದ ಪಾಕದಲ್ಲಿ ಕಲಸಿ ಹಚ್ಚುವ ಕಪ್ಪು ಪುಡಿ ಇದೆಯಲ್ಲ, ಅದೇ. ಇನ್ನೂ ಒಂದು ಸಂಗತಿ ಇದೆ. ಕ್ಲೋರೆಲ್ಲಾವನ್ನು 1890ರಲ್ಲಿ ವಿವರಿಸಿ ಹೆಸರಿಟ್ಟವರು ಹಾಲೆಂಡಿನ ಸೂಕ್ಷ್ಮಜೀವಿ ವಿಜ್ಞಾನಿ ಬೈಯರಿಂಕ್. ಮುಂದೆ ಅಜೋಸ್ಪಿರಿಲಮ್ ಅಂತ ಕರೆಸಿಕೊಂಡ ಬ್ಯಾಕ್ಟೀರಿಯಾಗೆ 1925ರಲ್ಲಿ ಬೇರೆ ಹೆಸರು ಇಟ್ಟವರೂ ಅವರೇ. ಎರಡೂ ಒಬ್ಬರ ಕೈಯಲ್ಲೇ ಹೆಸರು ಪಡೆದಿದ್ದವು ಅಂತ ತಿಳಿದಾಗ ತುಂಬಾ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ.

ಮೊದಲ ಸಲ ಗೊಬ್ಬರದ ಅಂಗಡಿಯ ಪ್ಯಾಕೆಟ್ಟಿನ ಪುಡಿಯನ್ನೇ ಪಾಚಿ ಬೆಳೆಸುವ ಕ್ಯಾನಿಗೆ ಸುರಿದೆ. ನೀರು ಕಪ್ಪಾಯಿತು, ಪಾಚಿಗೆ ಬೆಳಕೇ ಸಿಗಲಿಲ್ಲ. ಅದು ಬೀಜಕ್ಕೆ ಹಚ್ಚುವ ಪುಡಿ, ನೀರಿಗೆ ಹಾಕುವುದಲ್ಲ. ತಪ್ಪು ನನ್ನದೇ.

ಆಮೇಲೆ ಪುಡಿಯಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದೆ. ಇದು ನೋಡಲು ಚಂದದ ಕೆಲಸ. ಸಾರಜನಕ ಇಲ್ಲದ, ತೆಳು ಗಂಜಿಯಷ್ಟು ಮೆತ್ತಗಿನ ಅಗರ್ (ಒಂದು ಬಗೆಯ ಜೆಲ್ಲಿ) ಮಾಡಿ ಸಣ್ಣ ಬಾಟಲಿಗಳಲ್ಲಿ ತುಂಬುತ್ತೇವೆ. ಅದರಲ್ಲಿ ಬಣ್ಣ ಬದಲಿಸುವ ಸೂಚಕ ಇರುತ್ತದೆ. ಮೂರ್ನಾಲ್ಕು ದಿನದಲ್ಲಿ ಹಸಿರು ಹೋಗಿ ನೀಲಿ ಬರುತ್ತದೆ. ಮೇಲ್ಮೈಯಿಂದ ಕೆಲವು ಮಿಲಿಮೀಟರ್ ಕೆಳಗೆ ಹಾಲಿನ ಕೆನೆಯಂಥ ಬಿಳಿ ಪರದೆ ಕಟ್ಟುತ್ತದೆ. ಅದೇ ಅಜೋಸ್ಪಿರಿಲಮ್. ಮೇಲೆ ಯಾಕಿಲ್ಲ, ಕೆಳಗೆ ಯಾಕೆ? ಗಾಳಿಯ ಸಾರಜನಕ ಹಿಡಿಯುವಾಗ ಅದಕ್ಕೆ ಆಮ್ಲಜನಕ ಜಾಸ್ತಿ ಆಗಬಾರದು. ಬೇಕಾದಷ್ಟೇ ಸಿಗುವ ಆಳ ಹುಡುಕಿಕೊಂಡು ಅಲ್ಲಿ ನಿಲ್ಲುತ್ತದೆ.

ಇದನ್ನು ಕಣ್ಣಾರೆ ಕಂಡಿದ್ದರೂ ಮುಂದಿನ ತಪ್ಪು ಮಾಡಿದೆ. ಬ್ಯಾಕ್ಟೀರಿಯಾ ಸಾರಜನಕ ಕೊಡುತ್ತದೆ ಅಂದುಕೊಂಡು ಪಾಚಿಯ ದ್ರಾವಣದಿಂದ, ಅದರ ಸಾರಜನಕದ ಮೂಲವಾದ ನೈಟ್ರೇಟ್ ತೆಗೆದುಬಿಟ್ಟೆ. ವಾರದಲ್ಲಿ ಪಾಚಿ ಹಳದಿಗೆ ತಿರುಗಿತು. ಪಾಚಿ ಹಗಲೆಲ್ಲ ಆಮ್ಲಜನಕ ಬಿಡುತ್ತದೆ. ಆ ನೀರಿನಲ್ಲಿ ಅಜೋಸ್ಪಿರಿಲಮ್ ಬದುಕಬಹುದು, ಆದರೆ ಸಾರಜನಕ ಹಿಡಿದುಕೊಡುವುದು ಆಗದ ಮಾತು. ಅದು ಇಲ್ಲಿ ಗೊಬ್ಬರ ಕೊಡಲು ಬಂದಿದ್ದಲ್ಲ. ಇಂಡೋಲ್ ಅಸಿಟಿಕ್ ಆಮ್ಲ ಅನ್ನುವ ಸಸ್ಯ ಹಾರ್ಮೋನು ಮಾಡುತ್ತದೆ, ಪಾಚಿ ಬೇಗ ಬೇಗ ವಿಭಜನೆಯಾಗುವುದು ಅದರಿಂದ. ಆ ಹಾರ್ಮೋನು ಮಾಡಲು ಬೇಕಾದ ಟ್ರಿಪ್ಟೋಫಾನ್ ಅನ್ನುವ ಅಮೈನೋ ಆಮ್ಲ ಕೊಡುವುದು ಮತ್ತೆ ಪಾಚಿಯೇ.

ಇನ್ನೊಂದು ಸಲ ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣವನ್ನು ಹಾಗೇ ಸುರಿದೆ. ಅದರಲ್ಲಿ ಉಳಿದಿದ್ದ ಆಹಾರ ತಿಂದು ಬ್ಯಾಕ್ಟೀರಿಯಾ ಸಿಕ್ಕಾಪಟ್ಟೆ ಹೆಚ್ಚಿತು. ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿ, ವಾಸನೆ ಬಂದು, ಪಾಚಿ ತಳಕ್ಕಿಳಿಯಿತು. ಹೆಪ್ಪು ಹಾಕುವವರಿಗೆ ಇದು ಗೊತ್ತು. ಒಂದು ಚಮಚ ಸಾಕು, ಒಂದು ಲೋಟ ಹಾಕಿದರೆ ಮೊಸರು ಹುಳಿಯಾಗುತ್ತದೆ.

ಅಲ್ಲಿಂದ ಕ್ರಮ ಬದಲಾಯಿತು. ಬ್ಯಾಕ್ಟೀರಿಯಾವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಉಪ್ಪುನೀರಿನಲ್ಲಿ ಎರಡು ಸಲ ತೊಳೆಯುತ್ತೇನೆ. ಪಾಚಿ, ಬ್ಯಾಕ್ಟೀರಿಯಾ ಎರಡನ್ನೂ ಮಿಲಿಲೀಟರಿಗೆ ಸುಮಾರು ಹತ್ತು ಲಕ್ಷ ಕೋಶದ ಲೆಕ್ಕದಲ್ಲಿ ಸೇರಿಸುತ್ತೇನೆ. ದ್ರಾವಣದಲ್ಲಿ ನೈಟ್ರೇಟ್ ಇರಬೇಕು, ಸಕ್ಕರೆ ಇರಬಾರದು. ಬ್ಯಾಕ್ಟೀರಿಯಾ ಪಾಚಿ ಕೊಟ್ಟಿದ್ದನ್ನೇ ತಿನ್ನಬೇಕು, ಆಗ ಅದು ಮಿತಿಯಲ್ಲಿರುತ್ತದೆ. ಜೊತೆಗೆ ಇನ್ನೆರಡು ಕ್ಯಾನ್ ತಪ್ಪದೆ ಇಡುತ್ತೇನೆ. ಒಂದರಲ್ಲಿ ಪಾಚಿ ಮಾತ್ರ, ಇನ್ನೊಂದರಲ್ಲಿ ಪಾಚಿ ಮತ್ತು ಬಿಸಿಯಲ್ಲಿ ಕೊಂದ ಬ್ಯಾಕ್ಟೀರಿಯಾ. ಸತ್ತ ಬ್ಯಾಕ್ಟೀರಿಯಾ ಕೂಡ ಗೊಬ್ಬರದ ಹಾಗೆ ಕೆಲಸ ಮಾಡಬಹುದು. ಈ ಮೂರನೇ ಕ್ಯಾನ್ ಇಲ್ಲದೆ "ಬ್ಯಾಕ್ಟೀರಿಯಾದಿಂದ ಬೆಳೆ ಜಾಸ್ತಿ ಆಯಿತು" ಅಂತ ಹೇಳುವುದು ಸರಿಯಲ್ಲ. ವಿದ್ಯಾರ್ಥಿಗಳು ಇದನ್ನು ಬಿಟ್ಟುಬಂದರೆ ನಾನು ಮತ್ತೆ ಮಾಡಿಸುತ್ತೇನೆ.

ಮೂರು ಸಲ ಮಾಡಿದ್ದರಲ್ಲಿ ಎರಡು ಸಲ ಜೀವಂತ ಜೊತೆ ಇದ್ದ ಕ್ಯಾನೇ ಮುಂದಿತ್ತು. ಒಂದು ಸಲ ವ್ಯತ್ಯಾಸ ಕಾಣಲಿಲ್ಲ. ಆ ವಾರ ಮೋಡ ಇತ್ತು. ಅದೇ ಕಾರಣ ಅಂತ ನಾನು ಗಟ್ಟಿಯಾಗಿ ಹೇಳುವುದಿಲ್ಲ.

ನನಗೆ ತುಂಬಾ ಇಷ್ಟವಾದ ಹಂತ ಮಣಿ ಮಾಡುವುದು. ದೊಡ್ಡ ನೀರಿನಲ್ಲಿ ಪಾಚಿ ಒಂದು ಕಡೆ, ಬ್ಯಾಕ್ಟೀರಿಯಾ ಒಂದು ಕಡೆ ತೇಲಿಹೋಗುತ್ತವೆ. ಹತ್ತಿರ ಇದ್ದರೆ ತಾನೇ ಕೊಡು-ಕೊಳ್ಳು? ಮೆಕ್ಸಿಕೋದವರು ಮಾಡಿದ ಹಾಗೆ ಎರಡನ್ನೂ ಸೋಡಿಯಂ ಆಲ್ಜಿನೇಟ್ ದ್ರಾವಣದಲ್ಲಿ ಕಲಸಿದೆ. ಇದು ಕಡಲ ಪಾಚಿಯಿಂದ ತೆಗೆಯುವ ಅಂಟು. 100 ಮಿಲಿಲೀಟರ್ ನೀರಿಗೆ 2 ಗ್ರಾಂ ಹಾಕಿದೆ, ಕರಗಲು ಒಂದು ರಾತ್ರಿಯೇ ಬೇಕಾಯಿತು. ಈ ಹಸಿರು ಅಂಟನ್ನು ಸಿರಿಂಜಿಗೆ ತುಂಬಿ, ಕ್ಯಾಲ್ಸಿಯಂ ಕ್ಲೋರೈಡ್ ನೀರಿನ ಮೇಲೆ ಒಂದೊಂದೇ ಹನಿ ಬಿಡಬೇಕು. ಹನಿ ನೀರಿಗೆ ಮುಟ್ಟಿದ ಕೂಡಲೇ ಗಟ್ಟಿಯಾಗಿ, ದುಂಡಗೆ ತಳಕ್ಕಿಳಿಯುತ್ತದೆ. ಬೆಂದ ಸಬ್ಬಕ್ಕಿಗೆ ಹಸಿರು ಬಣ್ಣ ಬಂದ ಹಾಗೆ. ಬೆರಳಲ್ಲಿ ಒತ್ತಿದರೆ ಪುಟಿಯುತ್ತದೆ. ಎರಡು ದಿನಕ್ಕೆ ತಿಳಿ ಹಸಿರು, ಐದು ದಿನಕ್ಕೆ ಕಡು ಹಸಿರು. ಸೋಸಲು ಚಹಾ ಜಾಲರಿ ಸಾಕು. ಕೆಲವೇ ಮೈಕ್ರಾನ್ ಗಾತ್ರದ ಕೋಶ ಹಿಡಿಯಲು ಒದ್ದಾಡಿದವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಗೊತ್ತಾಗುತ್ತದೆ.

ಆದರೆ ದ್ರಾವಣದಲ್ಲಿ ಫಾಸ್ಫೇಟ್ ಜಾಸ್ತಿ ಇದ್ದರೆ ಅದು ಮಣಿಯ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಮಣಿ ಮೆತ್ತಗಾಗಿ ಒಡೆಯುತ್ತದೆ. ಕೊಳಚೆ ನೀರಿನಲ್ಲಿ ಬೆಳೆಸಬೇಕು ಅನ್ನುವವರು ಇದನ್ನು ನೆನಪಿಡಬೇಕು. ಆಲ್ಜಿನೇಟ್ ಬೆಲೆಯೂ ಕಮ್ಮಿ ಇಲ್ಲ. ಡೀಸೆಲ್ ಮಾರುವ ಲೆಕ್ಕಕ್ಕೆ ಮಣಿ ಸದ್ಯ ಹೊಂದುವುದಿಲ್ಲ, ಆದರೆ ಯಾವ ಬ್ಯಾಕ್ಟೀರಿಯಾ ಜೊತೆಗಾರ ಆಗಬಲ್ಲದು ಅಂತ ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಎಣ್ಣೆಯ ಮಾತಿಗೆ ಬಂದರೆ, ಸಾರಜನಕ ಮುಗಿದಾಗಲೇ ಪಾಚಿ ಎಣ್ಣೆ ಕೂಡಿಡಲು ಶುರು ಮಾಡುತ್ತದೆ. ಆದರೆ ಆಗ ಬೆಳವಣಿಗೆ ನಿಲ್ಲುತ್ತದೆ. ಅದಕ್ಕೆ ಮೊದಲು ನೈಟ್ರೇಟ್ ಕೊಟ್ಟು, ಬ್ಯಾಕ್ಟೀರಿಯಾ ಜೊತೆಯಲ್ಲಿ ದಟ್ಟವಾಗಿ ಬೆಳೆಸುತ್ತೇನೆ. ಆಮೇಲೆ ಕೊನೆಯ ಕೆಲವು ದಿನ ನೈಟ್ರೇಟ್ ಇಲ್ಲದ ನೀರಿಗೆ ವರ್ಗಾಯಿಸುತ್ತೇನೆ. ಎಣ್ಣೆಗೆ ಅಂಟುವ ನೈಲ್ ರೆಡ್ ಬಣ್ಣ ಹಾಕಿ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪಾಗಿ ಕಾಣುವ ಕೋಶದ ಒಳಗೆ ಎಣ್ಣೆ ಹನಿಗಳು ಚಿನ್ನದ ಬಣ್ಣದಲ್ಲಿ ಹೊಳೆಯುತ್ತವೆ. ಮೊದಲ ಸಲ ನೋಡಿದ ವಿದ್ಯಾರ್ಥಿನಿ ಒಬ್ಬಳು ಕಣ್ಣು ತೆಗೆಯದೆ "ಮೇಡಂ, ದೀಪಾವಳಿ!" ಅಂದಿದ್ದಳು.

ಈಗ ನಾನು ಪ್ಯಾಕೆಟ್ ಬಿಟ್ಟು ಮತ್ತೆ ಕೆರೆಯ ಕಡೆ ಬಂದಿದ್ದೇನೆ. ಅದಕ್ಕೊಂದು ಕಾರಣ ಇದೆ. ಅಮೆರಿಕ ಸರ್ಕಾರ 1978ರಿಂದ 1996ರವರೆಗೆ ಪಾಚಿ ಇಂಧನದ ದೊಡ್ಡ ಯೋಜನೆ ನಡೆಸಿತ್ತು. ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿ ತೆರೆದ ಕೊಳ ಕಟ್ಟಿದ್ದರು. ಲ್ಯಾಬಿನಲ್ಲಿ ಆರಿಸಿ ತಂದು ಬಿಟ್ಟ ಪಾಚಿಗಳು ತೆರೆದ ಕೊಳದಲ್ಲಿ ನಿಲ್ಲಲಿಲ್ಲ. ಅಲ್ಲಿನ ನೀರು, ಬಿಸಿಲಿಗೆ ಒಗ್ಗಿದ ಸ್ಥಳೀಯ ಪಾಚಿಗಳೇ ಅವನ್ನು ಹಿಂದೆ ಹಾಕಿದವು. ಬ್ಯಾಕ್ಟೀರಿಯಾಗೂ ಇದೇ ಅನ್ವಯಿಸಬೇಕು ಅಂತ ನನಗೆ ಅನಿಸುತ್ತದೆ.

ಅದಕ್ಕೇ ಕಾಕಾ ತೋರಿಸಿದ ಆ ಹಳೇ ಫ್ಲಾಸ್ಕಿನಿಂದ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಬೇರ್ಪಡಿಸುತ್ತಿದ್ದೇನೆ. ಇಲ್ಲಿಯವರೆಗೆ ಒಂಬತ್ತು ಸಿಕ್ಕಿವೆ. ಪ್ರತಿಯೊಂದನ್ನೂ ಟ್ರಿಪ್ಟೋಫಾನ್ ಹಾಕಿ ಬೆಳೆಸಿ, ಕೋಶ ತೆಗೆದ ತಿಳಿಗೆ ಸಾಲ್ಕೋವ್‌ಸ್ಕಿ ದ್ರಾವಣ ಸೇರಿಸಿ, ಅರ್ಧ ಗಂಟೆ ಕತ್ತಲಲ್ಲಿ ಇಟ್ಟೆ. ಮೊದಲು ಹೇಳಿದ ಆ ಸಸ್ಯ ಹಾರ್ಮೋನು ಇದ್ದರೆ ಗುಲಾಬಿ ಬಣ್ಣ ಬರಬೇಕು. ಏಳು ಟ್ಯೂಬ್ ಹಳದಿಯಾಗೇ ಉಳಿದವು. ಒಂದು ಬಂತೋ ಬರಲಿಲ್ಲವೋ ಅನ್ನುವಷ್ಟು. ಆರನೇ ನಂಬರಿನದು ಮಾತ್ರ ಕೋಕಂ ಶರಬತ್ತಿನ ಹಾಗೆ ಗಾಢ ಗುಲಾಬಿ. ಆ ಆರನೇ ನಂಬರನ್ನು ನಿನ್ನೆ ತೊಳೆದು, ಮಣಿಗೆ ಸೇರಿಸಿ ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದೇನೆ.