ಬಣ್ಣದ ಡಬ್ಬಿಗಿಂತ ಮೊದಲು ಒಂದು ರಟ್ಟಿನ ಕೊಳವೆ

ಎರಡು ವರ್ಷದ ಮಗುವಿಗೆ ಬಣ್ಣ ಕೊಡಿಸುವಾಗ ಎಲ್ಲರೂ ಡಬ್ಬಿಯ ಮೇಲೆ ‘ನಾನ್‌ ಟಾಕ್ಸಿಕ್’ ಅಂತ ಇದೆಯಾ ಎಂದು ಹುಡುಕುತ್ತಾರೆ. ಅದೇ ಡಬ್ಬಿಯ ಮುಚ್ಚಳ ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಚಿಕ್ಕದೇ ಎಂದು ನೋಡುವವರು ಕಡಿಮೆ. ಮೂರು ವರ್ಷ ತುಂಬುವವರೆಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಹಾಗಾಗಿ ಮೊದಲು ಗಾತ್ರ, ಆಮೇಲೆ ಬಣ್ಣ.

ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ 11 ಸೆಂ.ಮೀ. ಉದ್ದ, 5.5 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ. ತುದಿಗಳು ಒಂದರ ಮೇಲೊಂದು ಸರಿಯಾಗಿ 1 ಸೆಂ.ಮೀ. ಕೂರುವಂತೆ ಸುತ್ತಿ ಟೇಪ್ ಹಾಕಿ. ಸುತ್ತಳತೆ 10 ಸೆಂ.ಮೀ. ಆದರೆ ಕೊಳವೆಯ ಬಾಯಿ ಸುಮಾರು 32 ಮಿ.ಮೀ. ಬರುತ್ತದೆ. ಆಟಿಕೆಗಳನ್ನು ಪರೀಕ್ಷಿಸುವ ಕೊಳವೆಯ ಬಾಯಿಯೂ ಹೆಚ್ಚುಕಡಿಮೆ ಅಷ್ಟೇ. ಮಗು ಆಡುವ ಚಾಪೆಗೆ ಬರಲಿರುವ ಪ್ರತಿ ವಸ್ತುವನ್ನೂ ಅಡ್ಡ, ಉದ್ದ, ಓರೆ ಮಾಡಿ ಇದರೊಳಗೆ ಹಾಕಿ ನೋಡಿ. ಒತ್ತದೆ ಪೂರ್ತಿ ಒಳಗೆ ಇಳಿದರೆ ಅದು ಮೂರು ವರ್ಷದೊಳಗಿನವರ ಕೈಗಲ್ಲ. ಗುಂಡಿ, ಮಣಿ, ಅಂಟಿಸುವ ಪ್ಲಾಸ್ಟಿಕ್ ಕಣ್ಣು, ಸ್ಕೆಚ್ ಪೆನ್ ಮುಚ್ಚಳ ಎಲ್ಲ ಇಲ್ಲೇ ಬೀಳುತ್ತವೆ. ಕ್ರೆಯಾನ್ ಆಟದ ನಡುವೆಯೇ ಮುರಿಯುತ್ತದೆ. ತುಂಡನ್ನು ಆಗಲೇ ಎತ್ತಿಡಿ. ಬಲೂನು ಮಾತ್ರ ಕೊಳವೆಯ ಲೆಕ್ಕಕ್ಕೆ ಸಿಗುವುದಿಲ್ಲ. ಒಡೆದ ಚೂರು ಉಸಿರುದಾರಿಗೆ ಪೊರೆಯಂತೆ ಅಂಟಿಕೊಳ್ಳುತ್ತದೆ. ಬಲೂನೇ ಬೇಡ.

ಕಾಳು ಅಂಟಿಸುವ ಚಿತ್ರವೂ ಬೇಡ. ಕಡಲೆ, ಅವರೆ, ಹುಣಸೆಬೀಜ ಮೂಗಿನೊಳಗೆ ಹೋದರೆ ತೇವ ಹೀರಿ ಊದುತ್ತವೆ. ಹೇರ್‌ಪಿನ್ ಹಾಕಿ ಕೆದಕಿದರೆ ಇನ್ನೂ ಒಳಗೆ ಸರಿಯುತ್ತವೆ. ಸೀದಾ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಿ.

ಬಣ್ಣಕ್ಕೆ ಬೀಟ್‌ರೂಟ್ ರಸ, ಪಾಲಕ್ ರಸ ಸಾಕು. ಬೆಂಡೆಕಾಯಿಯ ತೊಟ್ಟಿನ ಕಡೆಯ ಅರ್ಧ ನೀವೇ ಕತ್ತರಿಸಿ ಕೊಟ್ಟರೆ ಹೂವಿನ ಅಚ್ಚು ಸಿದ್ಧ. ಉದ್ದ ಬ್ರಷ್‌ಗಿಂತ ಇದೇ ವಾಸಿ, ಬ್ರಷ್ ಬಾಯಲ್ಲಿಟ್ಟುಕೊಂಡು ಓಡಿ ಬಿದ್ದರೆ ಅಂಗುಳಿಗೆ ಚುಚ್ಚುತ್ತದೆ. ರಂಗೋಲಿ ಪುಡಿ, ಹೋಳಿ ಪುಡಿ ಕಣ್ಣಿಗೂ ಉಸಿರಿಗೂ ಹೋಗುತ್ತವೆ, ದೂರವಿಡಿ.

ಆಟದ ಹಿಟ್ಟನ್ನು ಎಲ್ಲರೂ ಒಂದು ಕಪ್ ಮೈದಾಕ್ಕೆ ಅರ್ಧ ಕಪ್ ಉಪ್ಪು ಸುರಿದು ಹಸಿಯಾಗಿಯೇ ಕಲಸುತ್ತಾರೆ. ಎರಡೂ ತಪ್ಪು. ಅಷ್ಟು ಉಪ್ಪಿನ ಹಿಟ್ಟನ್ನು ಮಗು ಹೊಟ್ಟೆಗಿಳಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಅಪಾಯವಾಗಬಹುದು. ಹಸಿ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾ ಇರಬಹುದು. ಒಂದು ಕಪ್ ನೀರಿಗೆ ಒಂದು ಚಮಚ ಎಣ್ಣೆ, ಒಂದು ಚಿಟಿಕೆ ಉಪ್ಪು ಹಾಕಿ ಕುದಿಸಿ, ಒಂದು ಕಪ್ ಮೈದಾ ಸುರಿದು ರಾಗಿಮುದ್ದೆ ತೊಳಸಿದಂತೆ ಗಂಟಿಲ್ಲದೆ ತೊಳಸಿ. ಕೈಗೆ ಅಂಟಿದರೆ ಹಸಿ ಹಿಟ್ಟು ಉದುರಿಸಬೇಡಿ, ಸಣ್ಣ ಉರಿಯಲ್ಲಿ ಇನ್ನೆರಡು ನಿಮಿಷ ಬೇಯಿಸಿ. ಪೂರ್ತಿ ಆರಿದ ಮೇಲೆಯೇ ಕೊಡಿ. ಮುದ್ದೆಯ ಒಳಗಿನ ಬಿಸಿ ಹೊರಗೆ ಗೊತ್ತಾಗುವುದಿಲ್ಲ. ಫ್ರಿಜ್‌ನಲ್ಲಿ ಎರಡು ದಿನ, ಆಮೇಲೆ ಬಿಸಾಡಿ.

ಅಂಟಿಗೆ ಮೈದಾ ಗಂಜಿ ಸಾಕು. ಕ್ಷಣದಲ್ಲಿ ಹಿಡಿಯುವ ಗೋಂದು ಮನೆಯಲ್ಲಿ ಮೇಲಿನ ಕಪಾಟಿನಲ್ಲೇ ಇರಲಿ. ಬೆರಳುಗಳು ಅಂಟಿಕೊಂಡರೆ ಎಳೆಯಬೇಡಿ. ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿ. ನೀರಲ್ಲಿ ಊದುವ ಜೆಲ್ ಮಣಿ, ಚಿಕ್ಕ ಅಯಸ್ಕಾಂತ, ಹಾಡುವ ಗ್ರೀಟಿಂಗ್ ಕಾರ್ಡಿನ ಗುಂಡಿ ಬ್ಯಾಟರಿ ಇವು ಮಗು ಆಡುವ ಕೋಣೆಯಲ್ಲೇ ಇರಬಾರದು. ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಏನಾದರೂ ಗಂಟಲಲ್ಲಿ ಸಿಕ್ಕಿ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದಿದ್ದರೆ ಮುಂದಕ್ಕೆ ಬಾಗಿಸಿ ಬೆನ್ನಿನ ಮೇಲೆ, ಎರಡು ಹೆಗಲೆಲುಬುಗಳ ನಡುವೆ, ಅಂಗೈಯ ಬುಡದಿಂದ ಐದು ಪೆಟ್ಟು. ಬರದಿದ್ದರೆ, ವರ್ಷ ತುಂಬಿದ ಮಗುವಾದರೆ, ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಎರಡನ್ನೂ ಸರದಿಯಲ್ಲಿ ಮಾಡುತ್ತಿರಿ, ಪಕ್ಕದಲ್ಲಿದ್ದವರು 108ಕ್ಕೆ ಕರೆ ಮಾಡಲಿ. ವಸ್ತು ಕಾಣದೆ ಬಾಯಿಗೆ ಬೆರಳು ಹಾಕಬೇಡಿ.

ಇಷ್ಟೆಲ್ಲ ಮಾಡಿದ ಮನೆಯಲ್ಲೂ ಎಡವುವುದು ಅಕ್ಕನ ಸ್ಕೂಲ್ ಪ್ರಾಜೆಕ್ಟ್ ದಿನ. ಅವಳ ಮಣಿ, ಪಿನ್ನು, ಥರ್ಮೊಕೋಲ್ ಮೇಜಿನ ಮೇಲೆಯೇ ನಡೆಯಲಿ, ತಮ್ಮ ಕೆಳಗೆ ಚಾಪೆಯಲ್ಲಿ ಕೂರಲಿ. ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಮೇಜಿನಡಿ ಒರೆಸಿ, ಸ್ಕೆಚ್ ಪೆನ್ನು ಹನ್ನೆರಡಿದ್ದರೆ ಮುಚ್ಚಳವೂ ಹನ್ನೆರಡು ಇವೆಯೇ ಎಂದು ಎಣಿಸಿ.