ಎರಡು ದಿನ ಅಮ್ಮ ಮನೆಯಲ್ಲಿ ಇರುವುದಿಲ್ಲ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಹದಿನೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಅಳತೆ ತೆಗೆಯುವಾಗ ಕೆಲವು ಹೆಂಗಸರ ಭುಜ ಕಲ್ಲಿನ ಹಾಗೆ ಬಿಗಿದಿರುತ್ತದೆ. "ಅಕ್ಕಾ, ಐದು ನಿಮಿಷ ಇಲ್ಲೇ ಕೂರಲಾ?" ಅಂತ ಕೇಳಿ, ಸ್ಟೂಲಿನ ಮೇಲೆ ಕೂತು, ಗೋಡೆಗೆ ಒರಗಿ ನಿದ್ದೆ ಹೋದವರೂ ಇದ್ದಾರೆ. ಅಂಥವರಿಗಾಗಿ ನಾವು ಕೆಲವರು ಸೇರಿ ವರ್ಷಕ್ಕೆ ಎರಡು ಸಲ ಎರಡು ದಿನದ ವಿಶ್ರಾಂತಿ ಏರ್ಪಾಡು ಮಾಡುತ್ತೇವೆ. ಇಲ್ಲಿಯವರೆಗೆ ಏಳು ಸಲ ಆಗಿದೆ. ನಿಮ್ಮ ಓಣಿಯಲ್ಲೂ ಮಾಡಬೇಕು ಅನಿಸಿದರೆ ನಮಗೆ ತಿಳಿದಿದ್ದನ್ನು ಹೇಳುತ್ತೇನೆ.

ಮೊದಲನೆಯ ಸಲ ನಾವು ತಪ್ಪು ಮಾಡಿದೆವು. ವಿಶ್ರಾಂತಿ ಅಂದುಕೊಂಡು ಪ್ರವಾಸ ಮಾಡಿಬಿಟ್ಟೆವು. ಬೆಳಿಗ್ಗೆ ನಾಲ್ಕಕ್ಕೇ ಎದ್ದು ಎಲ್ಲರೂ ಬುತ್ತಿ ಕಟ್ಟಿಕೊಂಡು ಬಂದರು. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಹತ್ತಿದೆವು, ಮಧ್ಯಾಹ್ನ ಚಂದ್ರವಳ್ಳಿ ನೋಡಿದೆವು. ಓಬವ್ವನ ಕಿಂಡಿ ಹತ್ತಿರ ಒಬ್ಬಳು ಬಂಡೆಗೆ ತಲೆಯಿಟ್ಟು, "ನಂಗೆ ಇಲ್ಲೇ ಮಲಗಬೇಕು ಅನಿಸ್ತಿದೆ ಅಕ್ಕಾ, ನೀವು ಹೋಗಿ ಬನ್ನಿ" ಅಂದಳು. ಅವಳ ಮಗುವಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಗಂಡನ ಊಟಕ್ಕೆ ಅಡ್ಡಿ ಆಗಬಾರದು ಅಂತ ಓಬವ್ವ ತಾನೇ ಒನಕೆ ಹಿಡಿದು ನಿಂತಳು ಅಂತ ನಾವೆಲ್ಲ ಚಿಕ್ಕವರಿದ್ದಾಗಿನಿಂದ ಕೇಳಿದ್ದೇವೆ. ಅವತ್ತು ಆ ಹುಡುಗಿಯ ಪಕ್ಕ ಕೂತಾಗ ಆ ಕಥೆ ನನಗೆ ಬೇರೆ ಥರ ಕೇಳಿಸಿತು. ನಾನು ಕೋಟೆ ನೋಡುವುದು ಬಿಟ್ಟು ಅವಳು ಏಳುವವರೆಗೂ ಅಲ್ಲೇ ಕೂತೆ.

ಅಂದಿನಿಂದ ನಾವು ಊರು ನೋಡಲು ಹೋಗುವುದಿಲ್ಲ. ಮಲಗಲು ಹೋಗುತ್ತೇವೆ.

ಎಷ್ಟು ಜನ, ಯಾರು

ಹತ್ತರಿಂದ ಹನ್ನೆರಡು ಜನ ಸಾಕು. ಅದಕ್ಕಿಂತ ಜಾಸ್ತಿ ಆದರೆ ಗುಂಪು ಎರಡಾಗುತ್ತದೆ, ಯಾರೋ ಒಬ್ಬರು ಮೂಲೆಯಲ್ಲಿ ಉಳಿದುಬಿಡುತ್ತಾರೆ. ಚಿಕ್ಕ ಮಕ್ಕಳ ತಾಯಂದಿರ ಜೊತೆಗೆ ಮಕ್ಕಳು ಓದಲು ದೂರ ಹೋಗಿರುವ ಇಬ್ಬರು ಮೂವರು ಇರಲಿ. ಹಿರಿಯರ ಹತ್ತಿರ ಮಗು ಕೊಟ್ಟು ಎಳೆಯರು ಮಲಗಬಹುದು. ಹಿರಿಯರಿಗೂ ಮಡಿಲಲ್ಲಿ ಮಗು ಇದ್ದರೆ ಒಂದು ಖುಷಿ. ಅತ್ತೆ ಸೊಸೆಯನ್ನು ಒಂದೇ ಸಲ ಕರೆದುಕೊಂಡು ಹೋಗಬೇಡಿ, ಇಬ್ಬರಿಗೂ ಮಾತು ಬರುವುದಿಲ್ಲ. ಒಂದೇ ಮನೆಯ ವಾರಗಿತ್ತಿಯರೂ ಬೇರೆ ಬೇರೆ ಸಲ ಬರಲಿ, ಇಲ್ಲದಿದ್ದರೆ ಮನೆ ನೋಡಿಕೊಳ್ಳಲು ಕಷ್ಟ ಆಗುತ್ತದೆ. ಹೊಸಬರು ಬಂದರೆ ಅವರಿಗೆ ಗೊತ್ತಿರುವ ಒಬ್ಬರಾದರೂ ಗುಂಪಿನಲ್ಲಿ ಇರಬೇಕು.

ಯಾವಾಗ

ಪೇಟೆಯಲ್ಲಿ ಇರುವವರಿಗೆ ಆಷಾಢ ಒಳ್ಳೆಯದು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹಬ್ಬದ ಕೆಲಸ ಕಡಿಮೆ. ಹೇಗಿದ್ದರೂ ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗುವ ಪದ್ಧತಿ ನಮ್ಮಲ್ಲಿದೆ, ಹಾಗಾಗಿ ಮನೆಯಲ್ಲಿ ಒಪ್ಪಿಸುವುದೂ ಸುಲಭ. ಹೊಲದ ಕೆಲಸ ಇರುವವರಿಗೆ ಅದೇ ಆಷಾಢ ಕಳೆ ತೆಗೆಯುವ ಕಾಲ. ಅವರಿಗೆ ಮೆಕ್ಕೆಜೋಳ ಮನೆಗೆ ಬಂದ ಮೇಲೆ, ಸಂಕ್ರಾಂತಿ ಆಸುಪಾಸಿನಲ್ಲಿ ಇಡುತ್ತೇವೆ. ಎರಡನೇ ಶನಿವಾರ ಆದರೆ ಸರ್ಕಾರಿ ಕೆಲಸದ ಗಂಡಂದಿರು ಮನೆಯಲ್ಲಿರುತ್ತಾರೆ. ಪರೀಕ್ಷೆ ತಿಂಗಳು ಬೇಡ. ದುಗ್ಗಮ್ಮನ ಜಾತ್ರೆ ವರ್ಷ ಆ ತಿಂಗಳು ಪೂರ್ತಿ ಮರೆತುಬಿಡಿ, ಮನೆ ತುಂಬ ನೆಂಟರು ಇರುತ್ತಾರೆ.

ಮನೆ ಒಪ್ಪಿಸುವುದು

ಇದೇ ದೊಡ್ಡ ಕೆಲಸ. ಜಾಗ, ಊಟ, ಬಸ್ಸು ಎಲ್ಲ ಆಮೇಲೆ. ಮನೆಯನ್ನು ಸರಿಯಾಗಿ ಒಪ್ಪಿಸಿ ಬರದ ತಾಯಿ ಎಲ್ಲಿ ಮಲಗಿದರೂ ನಿದ್ದೆ ಮಾಡುವುದಿಲ್ಲ.

ಮೊದಲು ಅತ್ತೆಯ ಹತ್ತಿರ ಮಾತಾಡಬೇಕು. ಸೊಸೆ ಕೈಲಿ ಹೇಳಿಸಬೇಡಿ. ನಮ್ಮಲ್ಲಿ ಹಿರಿಯರಾದ ಒಬ್ಬರು ಅವರ ಮನೆಗೆ ಹೋಗಿ ಕೇಳುತ್ತೇವೆ. "ಅಮ್ಮಾ, ನಿಮ್ಮ ಸೊಸೆಯನ್ನ ಎರಡು ದಿನ ನಮ್ಮ ಜೊತೆ ಕಳಿಸ್ರಿ. ಎಲ್ಲಿ ಇರ್ತೀವಿ, ಯಾರು ಯಾರು ಇರ್ತೀವಿ ಎಲ್ಲಾ ಈ ಹಾಳೆಯಲ್ಲಿ ಬರೆದೀವಿ. ಮುಂದಿನ ಸಲ ನೀವು ಬರ್ರಿ" ಅಂತ. ಕೊನೆಯ ಆ ಮಾತನ್ನು ಸುಮ್ನೆ ಹೇಳುವುದಿಲ್ಲ. ವಿನೋಬನಗರದ ಒಬ್ಬ ಅತ್ತೆ ಮೊದಲ ಸಲ ಮುಖ ಕೊಟ್ಟು ಮಾತಾಡಲಿಲ್ಲ. ನಾಲ್ಕನೆಯ ಸಲ ಅವರೇ ಬಂದರು. ಮೂವತ್ತೊಂದು ವರ್ಷದಲ್ಲಿ ಬಾಣಂತನ, ಮದುವೆ, ಸಾವು ಬಿಟ್ಟು ಬೇರೆ ಕಾರಣಕ್ಕೆ ಮನೆಯಿಂದ ಹೊರಗೆ ಮಲಗಿದ್ದು ಅದೇ ಮೊದಲು ಅಂದರು.

ಆಮೇಲೆ ಗಂಡ. ಹೋಗುವ ಮುಂಚಿನ ಭಾನುವಾರ ಒಂದು ಅಭ್ಯಾಸ ಮಾಡಿಸಿ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಹೆಂಡತಿ ತವರಿಗೋ ನನ್ನ ಅಂಗಡಿಗೋ ಬರಲಿ. ಮಗುವಿಗೆ ಉಣಿಸುವುದು, ಮಲಗಿಸುವುದು, ತೊಳೆಸುವುದು ಎಲ್ಲ ಅವರೇ ಮಾಡಲಿ. ಏನು ಗೊತ್ತಾಗಲಿಲ್ಲ ಅನ್ನುವುದು ಅವತ್ತೇ ಹೊರಗೆ ಬರುತ್ತದೆ. ಮಗುವಿನ ಔಷಧಿ ಎಲ್ಲಿದೆ ಅಂತ ಗೊತ್ತಿಲ್ಲದ ಅಪ್ಪಂದಿರು ಬಹಳ ಜನ. ಅವರಿಗೆ ಮನಸ್ಸಿಲ್ಲ ಅಂತಲ್ಲ, ಯಾರೂ ತೋರಿಸಿಲ್ಲ.

ಒಂದು ಹಾಳೆ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಹಾಲಿನವರು ಬರುವ ಹೊತ್ತು, ನಲ್ಲಿ ನೀರು ಬರುವ ದಿನ, ಮಾವನ ಬಿಪಿ ಮಾತ್ರೆ, ಮಕ್ಕಳ ಡಾಕ್ಟರ ನಂಬರ್, ಪಕ್ಕದ ಮನೆಯವರ ನಂಬರ್. ಅಷ್ಟು ಸಾಕು.

ಒಂದು ವಿಷಯದಲ್ಲಿ ನಾನು ಗಟ್ಟಿ. ಎರಡು ದಿನದ ಅಡುಗೆ ಮಾಡಿ ಫ್ರಿಜ್ಜಿನಲ್ಲಿ ಇಟ್ಟು ಬರಬೇಡಿ. ಶುಕ್ರವಾರ ರಾತ್ರಿ ಹನ್ನೊಂದರವರೆಗೆ ಚಪಾತಿ ಲಟ್ಟಿಸಿ ಶನಿವಾರ ವಿಶ್ರಾಂತಿಗೆ ಬಂದರೆ ಏನು ಉಪಯೋಗ? ನಮ್ಮೂರಿನಲ್ಲಿ ಊಟಕ್ಕೆ ಬರವಿಲ್ಲ. ಬೆಳಿಗ್ಗೆ ಬೆಣ್ಣೆ ದೋಸೆ ತರಲಿ, ಮಧ್ಯಾಹ್ನ ಖಾನಾವಳಿಯ ರೊಟ್ಟಿ ಪಲ್ಯ ತರಲಿ, ರಾತ್ರಿ ಅನ್ನ ಮಾಡಿ ಮೊಸರು ಕಲಸಲಿ. ಮಕ್ಕಳು ಖುಷಿಯಾಗಿಯೇ ತಿನ್ನುತ್ತಾರೆ.

ಎದೆಹಾಲು ಕುಡಿಯುವ ಮಗು ಇದ್ದರೆ

ಮಗುವನ್ನು ಕರೆದುಕೊಂಡೇ ಬನ್ನಿ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಕಿಲ್ಲ ಅಂತ ಆಶಾ ಕಾರ್ಯಕರ್ತೆಯರು ಹೇಳುತ್ತಲೇ ಇರುತ್ತಾರೆ. ಅಂಥ ಮಗುವನ್ನು ಬಿಟ್ಟು ಬಂದರೆ ತಾಯಿಗೂ ಎದೆ ಕಟ್ಟಿ ನೋವಾಗುತ್ತದೆ. ನಮ್ಮಲ್ಲಿ ಇಬ್ಬರು ಹಿರಿಯರು ಸರದಿ ಮೇಲೆ ಮಗು ನೋಡಿಕೊಳ್ಳುತ್ತಾರೆ, ಹಾಲಿಗೆ ಮಾತ್ರ ತಾಯಿಯನ್ನು ಎಬ್ಬಿಸುತ್ತಾರೆ. ಸ್ವಲ್ಪ ದೊಡ್ಡ ಮಗುವನ್ನು ಮನೆಯಲ್ಲಿ ಬಿಡುವವರು ಹಾಲು ಹಿಂಡಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕು ದಿನ ಇರುತ್ತದೆ. ಹೊರಗೆ ನಾಲ್ಕು ಗಂಟೆ ಅಂತ ಲೆಕ್ಕ. ನಮ್ಮ ಬಿಸಿಲಿಗೆ ಅಷ್ಟು ಹೊತ್ತೂ ಇಡಬೇಡಿ.

ಜಾಗ ಮತ್ತು ದುಡ್ಡು

ನಾವು ಹೋಗುವುದು ಸಂತೇಬೆನ್ನೂರಿನ ಕಡೆ, ಅಡಿಕೆ ತೋಟದ ಒಂದು ಮನೆಗೆ. ಊರಿಂದ ಜಾಸ್ತಿ ದೂರ ಇಲ್ಲ. ಮನೆಯಲ್ಲಿ ಏನಾದರೂ ಆದರೆ ಬೇಗ ವಾಪಸ್ ಬರಬಹುದು ಅನ್ನುವ ಧೈರ್ಯ ಇದ್ದರೆ ಮಾತ್ರ ತಾಯಿ ಕಣ್ಣು ಮುಚ್ಚುತ್ತಾಳೆ. ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಗುಡ್ಡ ಬಹಳ ಚೆಂದ, ಗಾಳಿ ಬಹಳ ಚೆಂದ, ಆದರೆ ಎಳೆ ಮಗು ಕಟ್ಟಿಕೊಂಡು ರಾತ್ರಿ ಇರಲು ನಾನು ಹೇಳುವುದಿಲ್ಲ. ಕೊಂಡಜ್ಜಿ ನಮಗೆ ಹತ್ತಿರ, ಕೆರೆ ಗುಡ್ಡ ಎರಡೂ ಇವೆ. ಮೊದಲ ಸಲ ಮಾಡುವವರು ಆ ಕಡೆ ಜಾಗ ಹುಡುಕಬಹುದು.

ಜಾಗ ನೋಡಲು ಹೋದಾಗ ನೋಟಕ್ಕೆ ಮರುಳಾಗಬೇಡಿ. ಬಚ್ಚಲು ಎಷ್ಟಿವೆ ಎಣಿಸಿ. ನಾಲ್ಕು ಜನಕ್ಕೆ ಒಂದಾದರೂ ಬೇಕು. ರಾತ್ರಿ ಬಚ್ಚಲಿಗೆ ಅಂಗಳ ದಾಟಿ ಹೋಗಬೇಕಾ? ಒಳಗಿನಿಂದ ಚಿಲಕ ಗಟ್ಟಿ ಇದೆಯಾ? ಕರೆಂಟ್ ಹೋದರೆ ಏನು? ತೋಟದ ಮಾಲೀಕರ ಮನೆಯ ಹೆಂಗಸರು ಅಲ್ಲೇ ಹತ್ತಿರ ಇರುತ್ತಾರಾ? ಒಂದು ಸಲ ನಾವು ಬೇರೆ ಕಡೆ ಹೋಗಿದ್ದಾಗ ಹನ್ನೊಂದು ಜನಕ್ಕೆ ಒಂದೇ ಬಚ್ಚಲು. ಬೆಳಿಗ್ಗೆ ಐದಕ್ಕೆ ಎದ್ದು ಸಾಲು ನಿಂತೆವು. ಮನೆಗಿಂತ ಕಡೆಯಾಯಿತು.

ಖರ್ಚು ಹಂಚಿದರೆ ಒಬ್ಬರಿಗೆ ಸಾವಿರದಿಂದ ಸಾವಿರದ ಇನ್ನೂರು ಬರುತ್ತದೆ. ಒಮ್ಮೆಗೇ ಕೊಡುವುದು ಕಷ್ಟ ಅಂತ ಅಂಗಡಿಯಲ್ಲಿ ಒಂದು ಡಬ್ಬ ಇಟ್ಟಿದ್ದೇನೆ. ತಿಂಗಳಿಗೆ ಇನ್ನೂರರಂತೆ ಆರು ತಿಂಗಳು. ಗೃಹಲಕ್ಷ್ಮಿ ದುಡ್ಡು ಬಂದ ದಿನ ತಂದು ಹಾಕುವವರೇ ಜಾಸ್ತಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿಯಿತು. ಆಧಾರ್ ಕಾರ್ಡ್ ಮರೆಯಬೇಡಿ. ಬಸ್ ಸ್ಟಾಪಿನಿಂದ ತೋಟಕ್ಕೆ ಒಂದು ಆಟೋ ಮಾತ್ರ ಹೇಳುತ್ತೇವೆ.

ಅಡುಗೆಗೆ ಜನ ಇಡಿ. ಇದರಲ್ಲಿ ಉಳಿಸಲು ಹೋಗಬೇಡಿ. ಬೇರೆ ಏನು ಬೇಕಾದರೂ ಕಡಿಮೆ ಮಾಡಿ, ಅಡುಗೆಯವರನ್ನು ಬಿಡಬೇಡಿ. ನಮ್ಮವರು ಯಾರೂ ಒಲೆ ಹತ್ತಿರ ಹೋಗುವಂತಿಲ್ಲ, ಬಡಿಸುವಂತಿಲ್ಲ, ಲೋಟ ತೊಳೆಯುವಂತಿಲ್ಲ. ಹೇಳುವುದು ಸುಲಭ. ಒಬ್ಬ ಟೀಚರ್ ಮೊದಲ ದಿನ ಊಟ ಆದ ತಕ್ಷಣ ಎಲ್ಲರ ತಟ್ಟೆ ಎತ್ತಲು ಎದ್ದರು. ಮೂರು ಸಲ ಕೂರಿಸಿದೆವು. ನಾಲ್ಕನೆಯ ಸಲ ಅವರ ಕಣ್ಣಲ್ಲಿ ನೀರು. "ಕೈ ಖಾಲಿ ಇದ್ರೆ ಏನೋ ತಪ್ಪು ಮಾಡ್ತಿದೀನಿ ಅನ್ಸುತ್ತೆ" ಅಂದರು. ಪಕ್ಕದಲ್ಲಿದ್ದ ಅಜ್ಜಿ ಅವರ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಕೂತುಬಿಟ್ಟರು. ಬೇರೆ ಏನೂ ಹೇಳಲಿಲ್ಲ.

ಅಲ್ಲಿ ಹೋದ ಮೇಲೆ

ಶನಿವಾರ ಹನ್ನೊಂದಕ್ಕೆ ತಲುಪುತ್ತೇವೆ. ಮಜ್ಜಿಗೆ ಕುಡಿದು ಊಟ ಮಾಡಿ ಮಲಗುತ್ತೇವೆ. ಯಾರನ್ನೂ ಎಬ್ಬಿಸುವುದಿಲ್ಲ. ಸಂಜೆ ಏಳಕ್ಕೆ ಎದ್ದವರೂ ಇದ್ದಾರೆ. ಆಟ, ಹಾಡು, ಭಾಷಣ, ಬಹುಮಾನ ಏನನ್ನೂ ಇಡಬೇಡಿ. ಎದ್ದವರಿಗೆ ಕಾಫಿ, ಮಂಡಕ್ಕಿ, ಮಿರ್ಚಿ. ಬೇಕಾದವರು ಸಂತೇಬೆನ್ನೂರು ಪುಷ್ಕರಣಿಗೆ ಹೋಗಿ ಮೆಟ್ಟಿಲ ಮೇಲೆ ಕೂರಬಹುದು, ಇಲ್ಲವೇ ಸೂಳೆಕೆರೆ ಏರಿ ಮೇಲೆ ನಡೆಯಬಹುದು. ಆ ಕೆರೆಯನ್ನು ಶಾಂತವ್ವ ಕಟ್ಟಿಸಿದಳು ಅಂತ ನಮ್ಮ ಕಡೆ ಕಥೆ. ಜಾಗ ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರೇ ಇರಬೇಕು ಅಂತ ಕೇಳಿದರಂತೆ, ಅವಳು ಒಪ್ಪಿದಳಂತೆ. ಈಗ ಶಾಂತಿಸಾಗರ ಅಂತಲೂ ಕರೆಯುತ್ತಾರೆ. ನನಗೆ ಹಳೇ ಹೆಸರೇ ಇಷ್ಟ. ಹೆಂಗಸರು ಕೇಳಿ ಪಡೆದ ಹೆಸರು ಅದು.

ಫೋನಿಗೆ ಒಂದು ಹೊತ್ತು ಇಟ್ಟಿದ್ದೇವೆ, ರಾತ್ರಿ ಎಂಟರಿಂದ ಎಂಟೂವರೆ. ಉಳಿದ ಹೊತ್ತಿಗೆ ನನ್ನ ನಂಬರ್ ಎಲ್ಲರ ಮನೆಯಲ್ಲೂ ಇರುತ್ತದೆ. ತುರ್ತು ಇದ್ದರೆ ನನಗೆ ಮಾಡುತ್ತಾರೆ. "ಉಪ್ಪಿನಕಾಯಿ ಎಲ್ಲಿದೆ" ಅನ್ನುವುದಕ್ಕೆ ನಾನೇ ಉತ್ತರ ಕೊಡುತ್ತೇನೆ.

ರಾತ್ರಿ ಊಟ ಆದ ಮೇಲೆ ಜಮಖಾನ ಹಾಸಿ ಕೂರುತ್ತೇವೆ. ನಾನು ಅಂಗಡಿಯಿಂದ ಒಂದು ಚೀಲ ಬಟ್ಟೆ ತುಂಡು, ಹಳೇ ಸೀರೆ, ಸೂಜಿ, ದಾರ ತಂದಿರುತ್ತೇನೆ. ಕೌದಿ ಹಾಕುತ್ತೇವೆ. ಹೊಲಿಯಲೇಬೇಕು ಅಂತ ಇಲ್ಲ. ಆದರೆ ಎದುರಿನವರ ಮುಖ ನೋಡಿಕೊಂಡು ಮಾತಾಡಲು ಆಗದವರು ಸೂಜಿ ನೋಡಿಕೊಂಡು ಮಾತಾಡುತ್ತಾರೆ. ಇದನ್ನು ನಾನು ಅಂಗಡಿಯಲ್ಲೇ ಕಲಿತದ್ದು. ಅಲ್ಲಿ ಮೂರು ಮಾತು ಪಾಲಿಸುತ್ತೇವೆ. ಕೇಳದೆ ಬುದ್ಧಿ ಹೇಳಬಾರದು. ಇನ್ನೊಂದು ಮಗು ಯಾವಾಗ, ಗಂಡು ಮಗು ಬೇಡವಾ ಅಂತ ಕೇಳಬಾರದು. ಅಲ್ಲಿ ಕೇಳಿದ್ದು ಓಣಿಗೆ ಬರಬಾರದು. ಮೂರನೆಯದನ್ನು ಮುರಿದ ಒಬ್ಬರನ್ನು ನಾವು ಮತ್ತೆ ಕರೆದಿಲ್ಲ. ಬೇಜಾರಿನ ಕೆಲಸ, ಆದರೆ ಮಾಡಬೇಕಾಯಿತು.

ಕೆಲವು ಸಲ ದೊಡ್ಡ ನೋವು ಹೊರಗೆ ಬರುತ್ತದೆ. ಹೆರಿಗೆ ಆದ ಹೊಸದರಲ್ಲಿ ಸುಮ್ನೆ ಅಳು ಬರುವುದು ಬಹಳ ಜನಕ್ಕೆ ಆಗುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ಕಡಿಮೆ ಆಗುತ್ತದೆ. ಅದು ದಾಟಿದ ಮೇಲೂ ಅಳು ನಿಲ್ಲದಿದ್ದರೆ, ಮಗು ಮಲಗಿದರೂ ನಿದ್ದೆ ಬರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ ಅದು ಕಾಯಿಲೆ. ಸೋಮಾರಿತನ ಅಲ್ಲ, ದೃಷ್ಟಿ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಅಂತ ಮನಸ್ಸಿನ ಕಾಯಿಲೆಗೆ ಸರ್ಕಾರದ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜಿಲ್ಲಾಸ್ಪತ್ರೆಯಲ್ಲೂ ತೋರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡ್ ಇದೆ. ಸಾಯುವ ಮಾತು ಬಂದರೆ ಅವತ್ತು ರಾತ್ರಿ ಅವಳನ್ನು ಒಬ್ಬಳೇ ಬಿಡಬೇಡಿ, ಬೆಳಿಗ್ಗೆ ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು ಅಂತ ಹೇಳಿ. ಆಕೆ ಹೂಂ ಅನ್ನದೆ ನೀವಾಗಿ ಮಾಡಲು ಹೋಗಬೇಡಿ, ಜೀವಕ್ಕೇ ಅಪಾಯ ಇದ್ದಾಗ ಮಾತ್ರ 112ಕ್ಕೆ ಮಾಡಿಬಿಡಿ. ನಾವು ಡಾಕ್ಟರಲ್ಲ, ಪೊಲೀಸರೂ ಅಲ್ಲ. ಪಕ್ಕದಲ್ಲಿ ಕೂರುವವರು.

ವಾಪಸ್ ಬರುವಾಗ

ಭಾನುವಾರ ತಿಂಡಿ ಹತ್ತಕ್ಕೆ. ಮತ್ತೆ ಮಲಗುವವರು ಮಲಗಲಿ. ಮೂರು ಗಂಟೆಗೆ ಹೊರಟು ಬೆಳಕಿರುವಾಗಲೇ ಊರು ಸೇರುತ್ತೇವೆ. ಬಸ್ ಇಳಿದ ಕೂಡಲೇ ರಾತ್ರಿಯ ರೊಟ್ಟಿ ಪಲ್ಯವನ್ನು ಎಲ್ಲರೂ ಖಾನಾವಳಿಯಲ್ಲಿ ಕಟ್ಟಿಸಿಕೊಳ್ಳುತ್ತೇವೆ. ಅದೂ ಲೆಕ್ಕದಲ್ಲೇ ಸೇರಿದೆ. ಮನೆಗೆ ಹೋದಾಗ ಸಿಂಕಿನಲ್ಲಿ ಪಾತ್ರೆ ಇರುತ್ತವೆ. ಅವತ್ತು ಮುಟ್ಟಬೇಡಿ. ಮಗುವನ್ನು ಎತ್ತಿಕೊಳ್ಳಿ, ಅದು ಎರಡು ದಿನ ಏನೇನು ಮಾಡಿತು ಅಂತ ಕೇಳಿ. ಗಂಡನಿಗೆ, ಅತ್ತೆಗೆ ಒಂದು ಒಳ್ಳೆಯ ಮಾತು ಹೇಳಿ. ತಲೆಗೆ ಹಾಕಿದ ಜಡೆ ಸೊಟ್ಟಗಿತ್ತು ಅಂತ ಹುಡುಕಬೇಡಿ.

ಮಂಗಳವಾರ ನಾನು ಎಲ್ಲರಿಗೂ ಒಂದೊಂದು ಫೋನ್ ಮಾಡುತ್ತೇನೆ. ರಾತ್ರಿ ಯಾರಾದರೂ ದೊಡ್ಡ ಮಾತು ಹೇಳಿದ್ದರೆ ಅವರಿಗೆ ಮೊದಲು.

ಕೋಟೆಯ ಬಂಡೆಗೆ ತಲೆಯಿಟ್ಟಿದ್ದಳಲ್ಲ, ಆ ಹುಡುಗಿ ಈಗ ನಮ್ಮ ಡಬ್ಬದ ಲೆಕ್ಕ ಬರೆಯುತ್ತಾಳೆ. ಕೌದಿ ಮುಕ್ಕಾಲು ಆಗಿದೆ. ಗುಂಪಿನಲ್ಲಿ ಒಬ್ಬಳಿಗೆ ಈಗ ಏಳು ತಿಂಗಳು, ಅವಳ ಹೆರಿಗೆಗೆ ಕೊಡಬೇಕು ಅಂತ ಮಾತಾಗಿದೆ. ಅಂಚು ಹೊಲಿಯುವುದು ಬಾಕಿ ಇದೆ.